‘ಖರಾಬು’ ಅಂದರೆ ಯಾವುದಕ್ಕೂ ಬಾರದ ಜಾಗವಾ?

ಕಳೆದ ವಾರ ಸರ್ಜಾಪುರದ ಕಡೆ ಹೊಲದೊಳಗಿನ ಹಳೇ ನಾಡಹೆಂಚಿನ ಮನೆಯೊಂದನ್ನು ಕೆಡವುತ್ತಿದ್ದರು. ಲೇಔಟ್ ಬರುತ್ತದಂತೆ. ಅಲ್ಲೇ ನಿಂತಿದ್ದ ಬ್ರೋಕರ್ ಪಹಣಿ ತೋರಿಸಿ, "ಇದು ಬರೀ ಖರಾಬು ಸಾರ್, ಯಾವುದಕ್ಕೂ ಬಾರದ ಜಾಗ" ಅಂದರು. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಖರಾಬ್ ಅರಬ್ಬಿ ಮೂಲದ ಪದ. ಹಾಳು, ಪಾಳು ಅಂತ ಅರ್ಥ. ಹಾಲು ಖರಾಬಾಯ್ತು ಅನ್ನುವಾಗ ಆ ಅರ್ಥ ಸರಿ. ಕಂದಾಯದ ಲೆಕ್ಕದಲ್ಲಿ ಮಾತ್ರ ಖರಾಬು ಅಂದರೆ ಸಾಗುವಳಿಗೆ ಹಿಡಿಯದ, ಹಾಗಾಗಿ ಕಂದಾಯ ಹಾಕದ ಜಾಗ, ಅಷ್ಟೇ. ಪಹಣಿಯಲ್ಲಿ ಅದರ ಹಿಂದೆ ‘ಫೂಟ್’ ಅಂತ ಇರುತ್ತಲ್ವಾ, ಅದನ್ನು ಅಡಿ ಲೆಕ್ಕ ಅಂದುಕೊಂಡವರು ಜಾಸ್ತಿ. ಅದು ಮರಾಠಿಯ ‘ಪೋಟ್’. ಹೊಟ್ಟೆ ಅಂತ. ಒಂದು ಸರ್ವೆ ನಂಬರಿನ ಹೊಟ್ಟೆಯೊಳಗೆ ಸೇರಿಕೊಂಡಿರುವ ಖರಾಬು, ಪೋಟ್ ಖರಾಬು. ಸರ್ವೆ ನಂಬರನ್ನು ಒಡೆದು ಮಾಡಿದ ಭಾಗಕ್ಕೆ ಪೋಟ್ ಹಿಸ್ಸಾ ಅಂತಾರಲ್ಲ, ಅದರಲ್ಲೂ ಇರುವುದು ಇದೇ ಪೋಟ್. ಬರೆಯುತ್ತಾ ಬರೆಯುತ್ತಾ ಫೂಟ್ ಆಗಿದೆ.

1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಖರಾಬು ಎರಡು ಬಗೆ. ಬಂಡಿದಾರಿ, ಕಾಲುದಾರಿ, ಊರವರು ಬಳಸುವ ಕೆರೆ, ಹಳ್ಳ, ಸ್ಮಶಾನ, ಕುಂಬಾರರಿಗೆ ಬಿಟ್ಟ ಜಾಗ ಇವೆಲ್ಲ ‘ಬಿ’. ಇದು ಊರಿನ ಬಳಕೆಗೆ ಬಿಟ್ಟದ್ದು, ಜಮೀನಿನವರು ಮಾರುವಂತಿಲ್ಲ. ಸೈಟ್ ಕೊಳ್ಳುವವರು ಪಹಣಿ ಒಂದನ್ನೇ ನಂಬದೆ ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯದ ಲೆಕ್ಕವಿರುವ ಸರ್ವೆ ದಾಖಲೆ), ಗ್ರಾಮ ನಕ್ಷೆ ಎರಡನ್ನೂ ಜೊತೆಗಿಟ್ಟು ನೋಡಿ. ಇನ್ನು ಸರ್ವೆ ಸಮಯದಲ್ಲಿ ಬೇಸಾಯಕ್ಕೆ ಆಗಲ್ಲ ಅಂತ ಬಿಟ್ಟದ್ದು ‘ಎ’. ಬಂಡೆ, ಕೊರಕಲು ಮಾತ್ರ ಅಂದುಕೊಳ್ಳಬೇಡಿ. ರೈತನ ಹೊಲದ ಮನೆ ಮತ್ತು ಒಕ್ಕಣೆ ಮಾಡುವ ಕಣ ಇದರಲ್ಲೇ ಬರುತ್ತವೆ, ನಿಯಮದಲ್ಲೇ ಹಾಗಂತ ಬರೆದಿದೆ.

ಕಣ ಯಾವುದಕ್ಕೂ ಬಾರದ ಜಾಗವಾ? ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಸಗಣಿ ಬಗ್ಗಡ ಬಳಿದು, ಅದರ ಮೇಲೆ ರಾಗಿ ತೆನೆ ಹರಡಿ ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸುತ್ತಿದ್ದರು. ಇಡೀ ವರ್ಷದ ಊಟ ಮನೆಗೆ ಬರುತ್ತಿದ್ದದ್ದು ಆ ಜಾಗದಿಂದಲೇ. ಮೊನ್ನೆ ಕೆಡವಿದ ಮನೆಯ ಮುಂದೆಯೂ ಕಣದ ಗುಂಡು ಇತ್ತು. ಒಂದು ಪಕ್ಕ ಸವೆದು ನುಣುಪಾಗಿತ್ತು. ಜೆಸಿಬಿಯವರು ಅದನ್ನು ಮೋರಿ ಕಡೆಗೆ ತಳ್ಳಿದ್ದರು.

ಆ ಮನೆಯವರ ಪಹಣಿಯಲ್ಲಿ ಎರಡು ಗುಂಟೆ ಎ ಖರಾಬು ಇದೆ. ಗುಂಟೆಗೆ 1,089 ಚದರಡಿ. ಆ ಮನೆ, ಆ ಕಣ ಎರಡಕ್ಕೂ ದಾಖಲೆಯಲ್ಲಿ ಉಳಿದಿರುವ ಗುರುತು ಅದೊಂದೇ.