ಗೆಡ್ಡೆಯಲ್ಲದ ಗೆಡ್ಡೆ

ಎದೆಯ ಎಕ್ಸ್‌-ರೇಯಲ್ಲಿ ಬೆನ್ನುಮೂಳೆಯ ಎರಡೂ ಬದಿಗೆ ಗುಂಡುಗುಂಡಾದ ನೆರಳುಗಳು. ಅಂಚು ನುಣುಪು, ಒಳಗೆ ಸುಣ್ಣದ ಚುಕ್ಕೆಗಳಿಲ್ಲ, ಮೂಳೆಯನ್ನು ಕೊರೆದ ಗುರುತೂ ಇಲ್ಲ. ಪಕ್ಕೆಲುಬುಗಳು ಮಾತ್ರ ಯಾಕೋ ಅಗಲವಾಗಿವೆ. ನೋಡಿದವರಿಗೆ ಮೊದಲು ಕ್ಯಾನ್ಸರಿನ ಭಯ. ಆದರೆ ರೋಗಿಗೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತರೋಗ ಇದೆಯೆಂದು ಗೊತ್ತಿದ್ದರೆ ಅನುಭವಿ ವೈದ್ಯರು ಸೂಜಿ ಚುಚ್ಚಿ ತುಣುಕು ತೆಗೆಯಲು ಅವಸರಪಡುವುದಿಲ್ಲ. ಚುಚ್ಚಿದರೆ ರಕ್ತ ಸುರಿಯುವ ಅಪಾಯವಿದೆ. ಅಲ್ಲಿ ನಡೆಯುತ್ತಿರುವುದೇ ರಕ್ತ ತಯಾರಿಕೆ.

ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಾವು ಭೂಮಿಗೆ ಬಂದ ಮೇಲಿನ ಮಾತು. ಭ್ರೂಣಕ್ಕೆ ಮೂರು ವಾರವಾದಾಗ ಅದಕ್ಕೆ ಅಂಟಿಕೊಂಡ ಪುಟ್ಟ ಚೀಲವೊಂದರ ಗೋಡೆಯಲ್ಲಿ ಮೊದಲ ಕಣಗಳು ಕಾಣಿಸುತ್ತವೆ. ಆಮೇಲೆ ಆ ಹೊಣೆ ಪಿತ್ತಜನಕಾಂಗದ್ದು, ಒಂದಿಷ್ಟು ಗುಲ್ಮದ್ದು. ಮಜ್ಜೆ ಅದನ್ನು ಪೂರ್ತಿಯಾಗಿ ವಹಿಸಿಕೊಳ್ಳುವ ಹೊತ್ತಿಗೆ ಬಸುರಿಗೆ ದಿನ ತುಂಬುತ್ತಿರುತ್ತದೆ.

ಒಂದು ಹಿಮೋಗ್ಲೋಬಿನ್‌ ಅಣುವಿಗೆ ಎರಡು ಆಲ್ಫಾ, ಎರಡು ಬೀಟಾ ಪ್ರೋಟೀನ್ ಸರಪಳಿಗಳು ಬೇಕು. ಬೀಟಾ ಥಲಸ್ಸೀಮಿಯಾ ಇರುವ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬೀಟಾ ಜೀನ್‌ ಕೆಟ್ಟು ಬಂದ ಮಗುವಿನಲ್ಲಿ ಜೊತೆ ಸಿಗದ ಆಲ್ಫಾ ಸರಪಳಿಗಳು ಗರಣೆಗಟ್ಟಿ, ಎಳೆಯ ಕಣವನ್ನು ಮಜ್ಜೆಯಲ್ಲೇ ಕೊಲ್ಲುತ್ತವೆ. ಆಮ್ಲಜನಕ ಸಾಲದೆಂದು ಅರಿತ ಮೂತ್ರಪಿಂಡ ಎರಿಥ್ರೊಪೊಯೆಟಿನ್‌ ಹಾರ್ಮೋನನ್ನು ಸುರಿಸಿ ‘ಇನ್ನಷ್ಟು ಮಾಡು’ ಎನ್ನುತ್ತದೆ. ಮಜ್ಜೆ ಮಾಡುತ್ತದೆ, ಹಲವು ಪಟ್ಟು ಹೆಚ್ಚು ಮಾಡುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹೀಗಾಗಿ ಇದನ್ನು ರಕ್ತ ಉತ್ಪಾದನೆಯ ಕೊರತೆ ಎನ್ನಲು ನನಗೆ ಮನಸ್ಸಿಲ್ಲ. ದುಡಿಮೆ ವಿಪರೀತವಾಗಿದೆ, ಕೈಗೆ ಬರುವುದು ಮಾತ್ರ ಅಲ್ಪ.

ಉಬ್ಬುವ ಮಜ್ಜೆಗೆ ಜಾಗ ಬೇಕು. ತಲೆಬುರುಡೆಯ ಹೊರಪದರ ತೆಳುವಾಗಿ, ಎಕ್ಸ್‌-ರೇಯಲ್ಲಿ ಮೂಳೆಯ ಎಳೆಗಳು ನಿಮಿರಿದ ಕೂದಲಿನಂತೆ ನಿಲ್ಲುತ್ತವೆ. ಕೆನ್ನೆಯ ಮೂಳೆ, ಮೇಲ್ದವಡೆ ಮುಂದಕ್ಕೆ ಬರುತ್ತವೆ. 1925ರಲ್ಲಿ ಡೆಟ್ರಾಯಿಟ್‌ನ ಮಕ್ಕಳ ವೈದ್ಯ ಥಾಮಸ್‌ ಕೂಲಿ ವರ್ಣಿಸಿದ ಮಕ್ಕಳಲ್ಲಿ ಇಂಥ ಮುಖವೂ ಊದಿದ ಗುಲ್ಮವೂ ಇದ್ದವು. ಗ್ರೀಕ್‌ ಭಾಷೆಯ ‘ಕಡಲು’ ಎಂಬ ಪದದಿಂದ ರೋಗಕ್ಕೆ ಹೆಸರು ಬಂದದ್ದು 1932ರಲ್ಲಿ. ಮೆಡಿಟರೇನಿಯನ್‌ ಕರಾವಳಿಯನ್ನೇ ಕಾಣದ ಸಿಂಧಿ, ಪಂಜಾಬಿ ಕುಟುಂಬಗಳಲ್ಲೂ ಇದು ಸಾಕಷ್ಟಿದೆ ಎಂಬುದು ಬೇರೆ ಮಾತು.

ಮೂಳೆಯೂ ಸಾಲದಾದಾಗ ಪಿತ್ತಜನಕಾಂಗ, ಗುಲ್ಮಗಳು ಗರ್ಭಕಾಲದ ಕಸುಬಿಗೆ ಮರಳುತ್ತವೆ. ಬೆನ್ನಿನ ಪಕ್ಕದ ಗಂಟುಗಳ ಕಥೆ ಬೇರೆ ಇರಬಹುದು: ಪಕ್ಕೆಲುಬು, ಕಶೇರುಮಣಿಗಳ ತೆಳುವಾದ ಗೋಡೆಯನ್ನು ಮೀರಿ ಮಜ್ಜೆ ಹೊರಚೆಲ್ಲಿದೆ ಎಂಬ ವಿವರಣೆಯಿದೆ. ಎಕ್ಸ್‌-ರೇಯಲ್ಲಿ ಪಕ್ಕೆಲುಬು ಅಗಲವಾಗಿ ಕಾಣುವುದಕ್ಕೂ ಅದು ಹೊಂದುತ್ತದೆ.

ವಿಚಿತ್ರವೆಂದರೆ, ತೀವ್ರ ರೂಪದ ರೋಗವಿದ್ದು ಚಿಕ್ಕಂದಿನಿಂದ ನಿಯಮಿತವಾಗಿ ರಕ್ತ ಪಡೆದವರಲ್ಲಿ ಈ ಗಂಟುಗಳು ಅಪರೂಪ. ನಡುಮಟ್ಟದ ರೋಗವಿದ್ದು, ಹಿಮೋಗ್ಲೋಬಿನ್‌ ಏಳೆಂಟರಲ್ಲಿದ್ದರೂ ‘ಹೇಗೋ ನಡೆಯುತ್ತಿದೆ’ ಎಂದು ರಕ್ತ ಹಾಕಿಸಿಕೊಳ್ಳದೆ ಬೆಳೆದವರಲ್ಲಿ ಶೇಕಡ 20ರವರೆಗೂ ಕಂಡುಬರುತ್ತವೆ. ಎಷ್ಟೋ ಮಂದಿಗೆ ತೊಂದರೆಯೇ ತಿಳಿಯುವುದಿಲ್ಲ. ಗಂಟು ಬೆನ್ನುಹುರಿಯನ್ನು ಒತ್ತಿದರೆ ಮಾತ್ರ ಕಾಲು ಜೋಮು ಹಿಡಿದು, ನಡಿಗೆ ತಪ್ಪಿ, ಮೂತ್ರದ ಹಿಡಿತವೂ ಹೋಗಬಹುದು.

ಆಗ ರಕ್ತ ಹಾಕುವುದೇ ಒಂದು ಚಿಕಿತ್ಸೆ. ಹಿಮೋಗ್ಲೋಬಿನ್‌ ಏರಿದೊಡನೆ ಮೂತ್ರಪಿಂಡದ ಒತ್ತಾಯ ತಗ್ಗುತ್ತದೆ, ಗಂಟು ಕುಗ್ಗತೊಡಗುತ್ತದೆ. ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಕೆಲವರಿಗೆ ನೆರವಾಗುತ್ತದೆ. ರಕ್ತ ತಯಾರಿಸುವ ಕೋಶಗಳು ವಿಕಿರಣಕ್ಕೆ ಬೇಗ ಸೋಲುವುದರಿಂದ ಅಲ್ಪ ಪ್ರಮಾಣದ ವಿಕಿರಣವೂ ಸಾಕಾಗುತ್ತದೆ, ತುರ್ತಾದರೆ ಶಸ್ತ್ರಕ್ರಿಯೆ. ಕೆಲಸ ನಿಲ್ಲಿಸಿದ ಹಳೆಯ ಗಂಟುಗಳು ಎಂಆರ್‌ಐ ಚಿತ್ರದಲ್ಲಿ ಬೇರೆಯೇ ಛಾಯೆಯಲ್ಲಿ ಕಾಣುತ್ತವೆ: ರಕ್ತ ಹುಟ್ಟುತ್ತಿದ್ದ ಕಡೆ ಕೊಬ್ಬು ತುಂಬಿರುತ್ತದೆ, ಇಲ್ಲವೇ ಕಬ್ಬಿಣ ಕೂತಿರುತ್ತದೆ.