ಸ್ಲ್ಯಾಶ್ ಮೇಲೆ ಆಕ್ಸೆಂಟ್: ಮ್ಯೂಸ್‌ಸ್ಕೋರ್ 4 ಅಭ್ಯಾಸಕ್ಕೆ ಟಿಪ್ಪಣಿ

ಬಳ್ಳಾರಿ, ರಾಯಚೂರು ಕಡೆಯ ಮದುವೆ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡಿನವರಿಗೆ "ಕಹರ್ವಾ ನಡೆಸ್ರಿ, ಪಲ್ಲವಿ ಕೊನೆಗೆ ಕಟ್ ಕೊಡ್ರಿ" ಅಂದರೆ ಸಾಕು. ಕಹರ್ವಾ ಒಂದು ತಾಳ, ಕಟ್ ಎಂದರೆ ಗೊತ್ತುಮಾಡಿದ ಜಾಗದಲ್ಲೇ ಬೀಳುವ ಹೊಡೆತ. ಅದನ್ನೇ ಮ್ಯೂಸ್‌ಸ್ಕೋರ್ 4 ಎಂಬ ಸಂಗೀತ ಬರೆಯುವ ತಂತ್ರಾಂಶದಲ್ಲಿ ಸ್ಟಾಫ್ ನೊಟೇಶನ್‌ಗೆ (ಗೆರೆಗಳ ಮೇಲಿನ ಸ್ವರಲಿಪಿಗೆ) ಇಳಿಸುವಾಗ ಎರಡು ಬಗೆಯ ಸ್ಲ್ಯಾಶ್ (ಸ್ವರದ ಬದಲು ಬರೆಯುವ ಓರೆಗೆರೆ) ಬೇಕು. "ನಡೆಸ್ರಿ" ಎನ್ನಲು ಕಡ್ಡಿ (ಸ್ವರದ ತಲೆಗೆ ಅಂಟಿದ ನೆಟ್ಟಗೆರೆ) ಇಲ್ಲದ್ದು, "ಕಟ್" ಎನ್ನಲು ಕಡ್ಡಿಯಿರುವುದು. ಆಕ್ಸೆಂಟ್ (ಒತ್ತಿ ಹೊಡೆ), ಸ್ಟಕಾಟೊ (ಚುಟುಕಾಗಿ ಹೊಡೆ) ಎಂಬ ಚಿಹ್ನೆಗಳೆಲ್ಲ ಎರಡನೆಯದಕ್ಕೆ ಸೇರಿದವು. ಕಡ್ಡಿಯಿಲ್ಲದ ಸ್ಲ್ಯಾಶ್ ಮೇಲೆ ಆಕ್ಸೆಂಟ್ ಇಟ್ಟರೆ ನುಡಿಸುವವರಿಗೆ ಗೊಂದಲವೇ: ಇಷ್ಟಬಂದಂತೆ ನಡೆಸಬೇಕೋ, ಬರೆದಲ್ಲಿ ಹೊಡೆಯಬೇಕೋ?

ಮೊದಲ ಬಗೆಗೆ ಬಾರ್‌ಗಳನ್ನು (ನಿಲುಗೆರೆಗಳ ನಡುವಿನ ಎಣಿಕೆಯ ಮನೆಗಳನ್ನು) ಆಯ್ದು, ಟೂಲ್ಸ್ ಮೆನುವಿನಲ್ಲಿ ಫಿಲ್ ವಿತ್ ಸ್ಲ್ಯಾಶಸ್ ಒತ್ತಿ. 4/4ರಲ್ಲಿ ನಾಲ್ಕು, 6/8ರಲ್ಲಿ ಎರಡು ಬೀಳುತ್ತವೆ.

ಕಟ್ ಇರುವ ಬಾರ್‌ನಲ್ಲಿ ಹಾಗೆ ತುಂಬಿಸಬೇಡಿ. ಲಯವನ್ನು ಮಾಮೂಲಿ ಸ್ವರಗಳಲ್ಲೇ ಬರೆಯಿರಿ: ಒಂದೂವರೆ ಎಣಿಕೆ, ಅರ್ಧ, ಎರಡು. ಯಾವ ಸ್ವರವಾದರೂ ನಡೆಯುತ್ತದೆ. ಪ್ಲೇ ಮಾಡಿ ಕೇಳಿಕೊಳ್ಳುವುದು ಈಗಲೇ, ಏಕೆಂದರೆ ಸ್ಲ್ಯಾಶ್ ಆದ ಮೇಲೆ ಅವು ನುಡಿಯುವುದಿಲ್ಲ. ಆಮೇಲೆ ಟೂಲ್ಸ್‌ನ ಟಾಗಲ್ ರಿದಮಿಕ್ ಸ್ಲ್ಯಾಶ್ ನೊಟೇಶನ್. ಸ್ವರಗಳೆಲ್ಲ ನಡುಗೆರೆಗೆ ಬಂದು ಕೂರುತ್ತವೆ. ಕಡ್ಡಿ, ಬಾಲ ಉಳಿಯುತ್ತವೆ. ಇನ್ನೊಮ್ಮೆ ಒತ್ತಿದರೆ ಮಾಮೂಲಿ ಸ್ವರವಾಗಿ ಮರಳುತ್ತವೆ. ಈಗ ಬೇಕಾದ ತಲೆಯನ್ನಷ್ಟೇ ಆಯ್ದು ಚಿಹ್ನೆ ಕೊಡಿ: ಶಿಫ್ಟ್+ವಿ ಆಕ್ಸೆಂಟ್, ಶಿಫ್ಟ್+ಎಸ್ ಸ್ಟಕಾಟೊ, ಶಿಫ್ಟ್+ಎನ್ ಟೆನುಟೊ (ಪೂರ್ತಿ ಹಿಡಿ), ಶಿಫ್ಟ್+ಓ ಮಾರ್ಕಾಟೊ (ಇನ್ನೂ ಜೋರಾದ ಒತ್ತು). ಅರ್ಧ ಎಣಿಕೆಯದನ್ನು ಮುಂದಿನ ಎರಡಕ್ಕೆ ಟೈ ಮಾಡಿದ್ದರೆ (ಒಂದೇ ಹೊಡೆತವಾಗಿ ಜೋಡಿಸಿದ್ದರೆ) ಆಕ್ಸೆಂಟ್ ಅರ್ಧದ ಮೇಲೆ ಮಾತ್ರ. ಟೈನ ಎರಡನೆಯ ತಲೆಗೆ ಹೊಡೆತವೇ ಇಲ್ಲವಲ್ಲ.

ತಪ್ಪುವುದು ಹೆಚ್ಚಾಗಿ ವಾಯ್ಸ್ (ಒಂದೇ ಸ್ಟಾಫಿನಲ್ಲಿ ಒಟ್ಟಿಗೆ ಬರೆಯುವ ಬೇರೆ ಬೇರೆ ಸಾಲು) ಲೆಕ್ಕದಲ್ಲಿ. ಸ್ವರ ಇರುವ ಬಾರ್‌ಗೆ ಫಿಲ್ ವಿತ್ ಸ್ಲ್ಯಾಶಸ್ ಒತ್ತಿದರೆ ಸ್ಲ್ಯಾಶ್‌ಗಳು ಖಾಲಿಯಿರುವ ಮುಂದಿನ ವಾಯ್ಸ್‌ಗೆ ಹೋಗುತ್ತವೆ. ಒಂದೇ ಬಾರ್‌ನಲ್ಲಿ ಎರಡು ವಾಯ್ಸ್ ಆದಾಗ ಮೊದಲನೆಯದರ ಕಡ್ಡಿ ಮೇಲಕ್ಕೆ ತಿರುಗಿ, ಆಕ್ಸೆಂಟ್ ತಲೆಯ ಪಕ್ಕ ಬಿಟ್ಟು ಕಡ್ಡಿಯ ತುದಿಗೆ ಏರುತ್ತದೆ. ಚಿಹ್ನೆಯನ್ನು ಮೌಸಿನಿಂದ ಎಳೆದು ಸರಿಮಾಡಲು ಹೋಗಬೇಡಿ, ಬೇಡದ ವಾಯ್ಸ್ ಅಳಿಸಿ. ಇನ್ನು ಠೇಕಾ (ತಾಳದ ಮೂಲ ನಡೆ) ನಡೆಯುತ್ತಲೇ ಇರಬೇಕು, ಮೇಲೆ ಕಟ್ ಕಾಣಬೇಕು ಎಂದಾದರೆ ಕಟ್‌ನ ಸ್ವರಗಳನ್ನು ವಾಯ್ಸ್ 3ರಲ್ಲಿ ಬರೆದು ಟಾಗಲ್ ಮಾಡಿ. ಅವು ಸ್ಟಾಫಿನ ಮೇಲೆ ಚಿಕ್ಕದಾಗಿ ಕೂರುತ್ತವೆ, ಆಕ್ಸೆಂಟ್ ಅವಕ್ಕೇ.

ಪ್ರಾಪರ್ಟೀಸ್‌ನಲ್ಲಿ ಬರೀ ತಲೆಯ ಆಕಾರ ಬದಲಿಸುವ ದಾರಿಯೂ ಇದೆ. ಆದರೆ ಆಗ ತಲೆ ತನ್ನ ಸ್ವರದ ಎತ್ತರದಲ್ಲೇ ಉಳಿಯುತ್ತದೆ, ಶ್ರುತಿ ಬದಲಿಸಿದರೆ ಜಾಗವೂ ಬದಲು. ಫಿಕ್ಸ್ ಟು ಲೈನ್ ಟಿಕ್ ಮಾಡಿ 4 ಎಂದು ಕೊಟ್ಟರೆ ಐದು ಗೆರೆಯ ಸ್ಟಾಫಿನಲ್ಲಿ ಅದು ನಡುಗೆರೆ.