79 ನಿಮಿಷಗಳ ನೀಲಿ

1993ರ ‘ಬ್ಲೂ’ ಚಲನಚಿತ್ರದಲ್ಲಿ ನೋಡಲು ಇರುವುದು ಒಂದೇ: 79 ನಿಮಿಷ ಕದಲದೆ ನಿಲ್ಲುವ ಕಡುನೀಲಿ ಪರದೆ. ನಟರ ಮುಖವಿಲ್ಲ, ದೃಶ್ಯವಿಲ್ಲ. ಮಾತು, ಸಂಗೀತ, ಸುತ್ತಲಿನ ಸದ್ದುಗಳಷ್ಟೇ ಕೇಳುತ್ತವೆ. ಅದನ್ನು ಮಾಡಿದ ಬ್ರಿಟನ್ನಿನ ನಿರ್ದೇಶಕ ಡೆರೆಕ್ ಜಾರ್ಮನ್ ಆ ಹೊತ್ತಿಗೆ ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡಿದ್ದರು. ತಾವು ಸಲಿಂಗಕಾಮಿಯೆಂಬುದನ್ನು ಮುಚ್ಚಿಡದೆ ಬದುಕಿದ ಅವರು, 1986ರ ಡಿಸೆಂಬರ್‌ನಲ್ಲಿ ಎಚ್‌ಐವಿ ಸೋಂಕು ಖಚಿತವಾದಾಗ ಅದನ್ನೂ ಬಹಿರಂಗವಾಗಿಯೇ ಹೇಳಿಕೊಂಡರು. ಅದೇ ವರ್ಷ ಬರ್ಲಿನ್ ಚಿತ್ರೋತ್ಸವವು ಅವರ ‘ಕಾರವಾಜಿಯೊ’ ಚಿತ್ರದ ದೃಶ್ಯ ಸಂಯೋಜನೆಗೆ ಬೆಳ್ಳಿ ಕರಡಿ ಪ್ರಶಸ್ತಿ ನೀಡಿತ್ತು. ಕಣ್ಣಿನ ಕಸುಬಿಗೆ ಸಂದ ಮನ್ನಣೆ ಅದು.

ಆ ಕಣ್ಣುಗಳನ್ನು ಕೆಡಿಸಿದ್ದು ನೇರವಾಗಿ ಎಚ್‌ಐವಿಯಲ್ಲ, ಹರ್ಪಿಸ್ ಕುಟುಂಬಕ್ಕೆ ಸೇರಿದ ಸೈಟೊಮೆಗಾಲೊ ವೈರಸ್. ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಇದು ಸದ್ದಿಲ್ಲದೆ ಜೀವನಪೂರ್ತಿ ಬಿಡಾರ ಹೂಡಿರುತ್ತದೆ. ಆರೋಗ್ಯವಂತರ ರಕ್ತದ ಪ್ರತಿ ಮೈಕ್ರೋಲೀಟರ್‌ನಲ್ಲಿ ಸುಮಾರು 500ರಿಂದ 1,500ರಷ್ಟಿರುವ ಸಿಡಿ4 ಎಂಬ ರೋಗನಿರೋಧಕ ಕೋಶಗಳನ್ನು ಎಚ್‌ಐವಿ ವರ್ಷಗಟ್ಟಲೆ ಸವೆಸುತ್ತಾ ಬಂದು, ಅವುಗಳ ಸಂಖ್ಯೆ 50ಕ್ಕಿಂತ ಕೆಳಗಿಳಿದಾಗ, ಕಾವಲಿಲ್ಲದ ಹೊಲಕ್ಕೆ ದನ ನುಗ್ಗಿದಂತೆ ಈ ವೈರಸ್ ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರವಾದ ಅಕ್ಷಿಪಟದ ಮೇಲೆ ಹರಡಿಕೊಳ್ಳುತ್ತದೆ. ನೋವಿರುವುದಿಲ್ಲ, ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುತ್ತವೆ, ಮಿಂಚು ಹೊಡೆದಂತಾಗುತ್ತದೆ, ಬರಬರುತ್ತಾ ನೋಟದ ಒಂದೊಂದು ಭಾಗವೇ ಕತ್ತಲಾಗುತ್ತದೆ. ಒಳಗೆ ಇಣುಕಿ ನೋಡಿದ ವೈದ್ಯರಿಗೆ ಕಾಣುವುದು ಸತ್ತ ಅಂಗಾಂಶದ ಬಿಳಿ-ಹಳದಿಯ ನಡುವೆ ಚೆಲ್ಲಿದ ರಕ್ತ. ವೈದ್ಯಕೀಯ ಪಠ್ಯಗಳು ಇದನ್ನು ಪಿಜ್ಜಾಗೆ ಹೋಲಿಸುತ್ತವೆ. ರೋಗಿಯ ಎದುರು ಆಡಬಾರದ ಹೋಲಿಕೆ.

ಇದಕ್ಕಿದ್ದ ಮದ್ದು ಗ್ಯಾನ್‌ಸಿಕ್ಲೊವಿರ್. ವೈರಸ್ ತನ್ನ ಡಿಎನ್‌ಎ ಸರಪಳಿಯನ್ನು ಹೆಣೆಯುವಾಗ ಈ ಔಷಧ ನಕಲಿ ಕೊಂಡಿಯಾಗಿ ಒಳಸೇರಿ ಹೆಣಿಗೆಯನ್ನು ತಡೆಯುತ್ತದೆ. ಆದರೆ ಅಡಗಿ ಕುಳಿತ ವೈರಸ್ಸನ್ನು ಅದು ಅಳಿಸಲಾರದು, ಸತ್ತ ಅಕ್ಷಿಪಟವನ್ನು ಮರಳಿ ತರಲಾರದು. ಆದ್ದರಿಂದ ಈ ಔಷಧದ ಡ್ರಿಪ್ ನಿಲ್ಲಿಸುವಂತೆಯೇ ಇರಲಿಲ್ಲ. ಸಾಲದ್ದಕ್ಕೆ ಅದು ಅಸ್ಥಿಮಜ್ಜೆಯನ್ನು ಕುಗ್ಗಿಸಿ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಆಗ ಎಚ್‌ಐವಿಗೆ ಕೊಡುತ್ತಿದ್ದ ಎಜೆಡ್‌ಟಿ ಕೂಡ ಅದನ್ನೇ ಮಾಡುತ್ತಿತ್ತು. ಕಣ್ಣನ್ನು ಉಳಿಸಿಕೊಳ್ಳುವ ಮದ್ದು, ಜೀವ ಉಳಿಸಿಕೊಳ್ಳುವ ಮದ್ದಿಗೇ ಅಡ್ಡ ಬರುತ್ತಿತ್ತು. ಚಿತ್ರದಲ್ಲಿ ಒಂದೆಡೆ ಜಾರ್ಮನ್ ಈ ಔಷಧದ ಅಡ್ಡಪರಿಣಾಮಗಳನ್ನು ಒಂದೊಂದಾಗಿ ಪಟ್ಟಿ ಮಾಡಿಸುತ್ತಾರೆ. ನೀಲಿಯನ್ನೇ ದಿಟ್ಟಿಸುತ್ತಾ ಅದನ್ನು ಕೇಳುವುದು ಸುಲಭವಲ್ಲ.

ಈ ನೀಲಿಯನ್ನು ಕುರುಡಿನ ರೂಪಕವೆಂದಷ್ಟೇ ಓದುವವರಿದ್ದಾರೆ. ಅದು ಅವಸರದ ಓದು. ಕಡುನೀಲಿಯೊಂದರಿಂದಲೇ ಕ್ಯಾನ್ವಾಸ್ ತುಂಬಿದ ಫ್ರೆಂಚ್ ಕಲಾವಿದ ಈವ್ ಕ್ಲೈನ್ ಅವರ ನೀಲಿಗೆ ನಮನವಾಗಿ ಚಲನಚಿತ್ರವೊಂದನ್ನು ಮಾಡುವ ಯೋಚನೆ ಜಾರ್ಮನ್‌ಗೆ ದೃಷ್ಟಿ ಮಂಜಾಗುವುದಕ್ಕೆ ಮುಂಚಿನಿಂದಲೇ ಇತ್ತು. ಕಾಯಿಲೆ ಆ ಬಣ್ಣಕ್ಕೆ ಇನ್ನೊಂದು ಅರ್ಥ ಕೂಡಿಸಿತು. ಅಕ್ಷಿಪಟದ ಫೋಟೊ ತೆಗೆಯುವಾಗ ಫ್ಲಾಶ್‌ನ ಪ್ರಖರ ಬೆಳಕು ಅಲ್ಲಿನ ಬೆಳಕು ಗ್ರಹಿಸುವ ಕೋಶಗಳ ವರ್ಣದ್ರವ್ಯವನ್ನು ಕೆಲಹೊತ್ತು ಬರಿದುಮಾಡುತ್ತದೆ. ಅದು ಮತ್ತೆ ತುಂಬುವ ತನಕ ಕಣ್ಣೆದುರು ಬಣ್ಣದ ಬಿಂಬವೊಂದು ತೇಲುತ್ತಿರುತ್ತದೆ. ಆ ಕ್ಯಾಮೆರಾ ಬಿಟ್ಟುಹೋದ ಬಿಂಬ ತಮಗೆ ನೀಲಿಯಾಗಿ ಕಂಡದ್ದನ್ನು ಅವರು ಚಿತ್ರದಲ್ಲೇ ಹೇಳಿದ್ದಾರೆ.

1996ರ ಹೊತ್ತಿಗೆ ಹಲವು ಔಷಧಗಳನ್ನು ಒಟ್ಟಾಗಿ ನೀಡುವ ಚಿಕಿತ್ಸೆ ಬಂದು, ಸಿಡಿ4 ಸಂಖ್ಯೆ ಮತ್ತೆ ಏರತೊಡಗಿತು. ಅಂಥ ಚಿಕಿತ್ಸೆ ಸಿಕ್ಕ ಕಡೆಗಳಲ್ಲಿ ಈ ಕಣ್ಣಿನ ಕಾಯಿಲೆ ಅಪರೂಪವಾಯಿತು. ಚಿತ್ರರಂಗದ ಅನೇಕರಿಗೆ ಅಷ್ಟು ಕಾಲಾವಕಾಶ ಸಿಗಲಿಲ್ಲ. ಹಾಲಿವುಡ್‌ನ ಗೀತರಚನಕಾರ ಹೊವರ್ಡ್ ಆಶ್ಮನ್ 1991ರ ಮಾರ್ಚ್‌ನಲ್ಲಿ, ತಮ್ಮ 40ನೇ ವಯಸ್ಸಿನಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಮರುವರ್ಷ ಅವರಿಗೆ ಸಂದ ಆಸ್ಕರ್ ಪ್ರಶಸ್ತಿಯನ್ನು ವೇದಿಕೆಯ ಮೇಲೆ ಸ್ವೀಕರಿಸಿದ್ದು ಅವರ ಸಂಗಾತಿ. ಜಾರ್ಮನ್ 1994ರ ಫೆಬ್ರುವರಿ 19ರಂದು ಕೊನೆಯುಸಿರೆಳೆದರು. ಅದಕ್ಕೆ ಐದು ತಿಂಗಳ ಹಿಂದೆ, ಒಂದು ಭಾನುವಾರ ರಾತ್ರಿ, ‘ಬ್ಲೂ’ ಚಿತ್ರವನ್ನು ಬ್ರಿಟನ್ನಿನ ಟಿವಿ ವಾಹಿನಿ ಚಾನೆಲ್ 4 ಮತ್ತು ಬಿಬಿಸಿ ರೇಡಿಯೊ 3 ಏಕಕಾಲಕ್ಕೆ ಪ್ರಸಾರ ಮಾಡಿದ್ದವು. ಸ್ಟೀರಿಯೊ ಧ್ವನಿ ಬೇಕಿದ್ದವರು ಟಿವಿಯ ಸದ್ದು ಅಡಗಿಸಿ ರೇಡಿಯೊ ಹಚ್ಚಬಹುದಿತ್ತು: ನೀಲಿ ಒಂದು ಪೆಟ್ಟಿಗೆಯಿಂದ, ಮಾತು ಇನ್ನೊಂದರಿಂದ.